ಸುಮ್ನೆ ಕೂತಿರೋ ಕಂಟ್ರೋಲರ್ ಮೇಲೇ ಕಣ್ಣಿಡಿ

ಸೆಕೆಂಡ್ ಹ್ಯಾಂಡ್ ಸರ್ವರ್ ಹಾಕಿ ದಾವಣಗೆರೆಯಲ್ಲಿ ಡ್ಯುಯಲ್ ಕಂಟ್ರೋಲರ್ ಸ್ಟೋರೇಜ್ (ಒಂದೇ ಡಿಸ್ಕ್ ಗುಂಪಿಗೆ ಕಂಟ್ರೋಲರ್ ಆಗಿ ಎರಡು ಸರ್ವರ್: ಒಂದು ಆಕ್ಟಿವ್, ಇನ್ನೊಂದು ಕಾಯುತ್ತಾ ಕೂರೋ ಸ್ಟ್ಯಾಂಡ್‌ಬೈ) ನಡೆಸ್ತೀನಿ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. "ಒಂದು ನಾಸ್ (ನೆಟ್‌ವರ್ಕ್ ಸ್ಟೋರೇಜ್ ಡಬ್ಬಿ) ತಗೊಂಡು ಬ್ಯಾಕಪ್ ಇಟ್ಕೋ ಮಾರಾಯ, ಇವೆಲ್ಲ ನಿನಗ್ಯಾಕೆ?" ಈಗ ಎರಡು ಬೇಸಿಗೆ ದಾಟಿದೆ. ಡಬ್ಬಿಗಳು ಓಡ್ತಾನೇ ಇವೆ. ಹಾಗಾಗಿ ಬರೆಯುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ನಮ್ಮದು ಪಿ.ಜೆ. ಬಡಾವಣೆಯ ಒಂದು ಸ್ಕ್ಯಾನಿಂಗ್ ಸೆಂಟರ್. ಸಿಟಿ, ಎಂಆರ್‌ಐ ಇಮೇಜ್ ಎಲ್ಲ ಒಂದೇ ಕಡೆ ಬಂದು ಬೀಳಬೇಕು. ಡೀಲರ್ ಕೊಟ್ಟ ಕೊಟೇಶನ್ 18 ಲಕ್ಷದ ಆಸುಪಾಸು, ವರ್ಷಾ ವರ್ಷ ಎಎಂಸಿ ಬೇರೆ. ನಾನು ಮುಗಿಸಿದ್ದು ಸುಮಾರು 5 ಲಕ್ಷದಲ್ಲಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು ಹಳೇ ಸರ್ವರ್ ಸೇರಿ ಲಕ್ಷದ ಹತ್ತಿರ, ಡಿಸ್ಕ್ ಕೂರಿಸೋ ಪೆಟ್ಟಿಗೆ ಜೆಬಾಡ್‌ಗೆ 60-70 ಸಾವಿರ. 12 ಸ್ಯಾಸ್ ಡಿಸ್ಕ್‌ಗೇ (ಎರಡು ಪೋರ್ಟ್ ಇರೋ ಸರ್ವರ್ ಡಿಸ್ಕ್) ಅರ್ಧ ದುಡ್ಡು ಹೋಯಿತು. ಉಳಿದದ್ದು ಎಚ್‌ಬಿಎ (ಸರ್ವರ್‌ನಿಂದ ಡಿಸ್ಕ್‌ಗೆ ದಾರಿ ಕೊಡೋ ಕಾರ್ಡ್), ಕೇಬಲ್, ಎಸ್‌ಎಸ್‌ಡಿ.

ಮಾಮೂಲಿ ಪಿಸಿಯ ಸಾಟಾ ಡಿಸ್ಕ್ ಹಾಕಿದ್ರೆ ಎಷ್ಟೋ ಉಳಿಯುತ್ತೆ ಅಂತ ಅಂಗಡಿಯವರು ಹೇಳಿದ್ದರು. ಸಾಟಾ ಡಿಸ್ಕ್‌ಗೆ ಇರೋದು ಒಂದೇ ಪೋರ್ಟ್. ಎರಡು ಕಂಟ್ರೋಲರ್ ಅದನ್ನ ಹಿಡಿಯಬೇಕಂದ್ರೆ ಮಧ್ಯೆ ಇಂಟರ್‌ಪೋಸರ್ ಅನ್ನೋ ಪುಟ್ಟ ಅಡಾಪ್ಟರ್ ಬೇಕು. ನೋಡೋಣ ಅಂತ ನಾಲ್ಕೈದು ತರಿಸಿದೆ. ಲೋಡ್ ಬಿದ್ದ ತಕ್ಷಣ ಡಿಸ್ಕ್ ಮಾಯ, ಮತ್ತೆ ಹಾಜರು. ಕೆಲವು ಸಾವಿರ ಹೋಯಿತು, ಚರ್ಚೆ ಮುಗೀತು. ಹಾಗೇ ಎಸ್‌ಲಾಗ್ (ನಾನು ಬಳಸೋ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್, ತಕ್ಷಣ ಉಳಿಸಲೇಬೇಕಾದ ಡೇಟಾವನ್ನು ಮೊದಲು ಬರೆದಿಡೋ ಜಾಗ) ಕೂಡ ಡ್ಯುಯಲ್ ಪೋರ್ಟ್ ಎಸ್‌ಎಸ್‌ಡಿನೇ, ಜೆಬಾಡ್ ಒಳಗೇ ಇರಬೇಕು. ಸರ್ವರ್ ಹೊಟ್ಟೆಯೊಳಗೆ ಇಟ್ಟರೆ ಆ ಸರ್ವರ್ ಜೊತೆಗೇ ಅದೂ ಹೋಗುತ್ತೆ.

ಈಗ ಮಾನಿಟರಿಂಗ್. ಎಲ್ಲರೂ ಕಣ್ಣಿಡೋದು ಆಕ್ಟಿವ್ ಕಡೆಗೆ. ಸಿಪಿಯು, ಜಾಗ, ಲೇಟೆನ್ಸಿ, ಚೆಂದದ ಗ್ರಾಫ್. ಆಕ್ಟಿವ್ ಸತ್ತರೆ ಗ್ರಾಫ್ ಬೇಕಿಲ್ಲ, ನಿಮಿಷದೊಳಗೆ ಟೆಕ್ನಿಷಿಯನ್ ಫೋನ್ ಬರುತ್ತೆ. ಸ್ಟ್ಯಾಂಡ್‌ಬೈ ಒಳಗೊಳಗೇ ಕೊಳೆತರೆ ಯಾರೂ ಫೋನ್ ಮಾಡಲ್ಲ. ಅದಕ್ಕೇ ನನ್ನ ಮಾನಿಟರಿಂಗ್ ಸಾಫ್ಟ್‌ವೇರ್ ಜ್ಯಾಬಿಕ್ಸ್‌ನಲ್ಲಿ ಜಾಸ್ತಿ ಐಟಂ ಇರೋದು ಸ್ಟ್ಯಾಂಡ್‌ಬೈಗೆ.

ಮೊದಲನೆಯದು ಲೆಕ್ಕ. ಎಸ್‌ಎಸ್‌ಡಿ ಬಿಟ್ಟು 12 ಡಿಸ್ಕ್, ಪ್ರತಿಯೊಂದಕ್ಕೂ ಎರಡು ದಾರಿ. ಒಂದೊಂದು ಸರ್ವರ್‌ನಲ್ಲೂ 24 ಕಾಣಬೇಕು. 23 ಕಂಡರೂ ಪೂಲ್ (ಝಡ್‌ಎಫ್‌ಎಸ್ ಕಟ್ಟಿದ ಡಿಸ್ಕ್ ಗುಂಪು) ಆನ್‌ಲೈನ್ ಅಂತಲೇ ಹೇಳುತ್ತೆ, ಏಕೆಂದರೆ ಎರಡು ದಾರಿಯನ್ನು ಒಂದಾಗಿ ತೋರಿಸೋ ಮಲ್ಟಿಪಾತ್ ಆ ಕೊರತೆಯನ್ನ ನುಂಗಿಕೊಂಡಿರುತ್ತೆ. ಕಂಡರೂ ಸಾಲದು. ಗಂಟೆಗೊಮ್ಮೆ ಸ್ಟ್ಯಾಂಡ್‌ಬೈನಿಂದ ಪ್ರತಿ ಡಿಸ್ಕನ್ನೂ ಎರಡೂ ದಾರಿಯಲ್ಲಿ ಚೂರು ಓದಿಸ್ತೀನಿ, ಡೈರೆಕ್ಟ್ ಐಒದಲ್ಲಿ, ಅಂದರೆ ಮೆಮೊರಿ ಕ್ಯಾಶ್ ಬಿಟ್ಟು ನೇರ ಡಿಸ್ಕ್‌ನಿಂದ. ಡಿಸ್ಕ್ ಯಾರ ಕೈಯಲ್ಲಿರಬೇಕು ಅಂತ ಬೀಗ ಹಾಕೋ ಸ್ಕಸಿ ರಿಸರ್ವೇಶನ್ ಅನ್ನು ರೈಟ್ ಎಕ್ಸ್‌ಕ್ಲೂಸಿವ್ (ಬರೆಯೋದಕ್ಕಷ್ಟೇ ತಡೆ) ಮಾದರಿಯಲ್ಲಿ ಇಟ್ಟಿದ್ದರೆ ಓದೋದಕ್ಕೆ ಅಡ್ಡಿ ಇಲ್ಲ.

ಎರಡನೆಯದು ಸ್ಯಾಸ್ ಫೈ ಕೌಂಟರ್, ಅಂದರೆ ಪ್ರತಿ ಪೋರ್ಟ್‌ನ ಸಿಗ್ನಲ್ ದೋಷಗಳ ಎಣಿಕೆ. ಕಾರಣವೇ ಇಲ್ಲದೆ ಫೇಲ್‌ಓವರ್ (ಕೆಲಸ ಇನ್ನೊಂದು ಸರ್ವರ್‌ಗೆ ದಾಟೋದು) ಆಗ್ತಿತ್ತು. ಹಗಲು ಒಂದು ಸಲ, ರಾತ್ರಿ ಒಂದು ಸಲ. ಡೀಲರ್ ಕಡೆಯ ಹುಡುಗ ಬಂದು ಎಚ್‌ಬಿಎ ಹೋಗಿದೆ, ಬದಲಾಯಿಸಿ ಅಂದ. ಬದಲಾಯಿಸಿದರೂ ಅದೇ ಕಥೆ. ಕೊನೆಗೆ ಇನ್‌ವ್ಯಾಲಿಡ್ ಡಿವರ್ಡ್ ಕೌಂಟ್ (ಕೆಟ್ಟು ಬಂದ ಡೇಟಾ ತುಣುಕುಗಳ ಲೆಕ್ಕ) ತೆಗೆದು ನೋಡಿದರೆ ಒಂದು ಪೋರ್ಟ್‌ನಲ್ಲಿ ಮಾತ್ರ ಗಂಟೆಗಂಟೆಗೂ ಏರ್ತಾ ಇತ್ತು. ರ‍್ಯಾಕ್‌ನ ಹಿಂದಿನ ಬಾಗಿಲು ಹಾಕಿದಾಗ ಆ ಕೇಬಲ್ ಮಡಚಿಕೊಳ್ತಿತ್ತು. ಬಾಗಿಲು ತೆಗೆದಿಟ್ಟರೆ ಏರಿಕೆ ನಿಂತುಹೋಗುತ್ತೆ. 2-3 ಸಾವಿರದ ಕೇಬಲ್! ಒಂದು ಮಾತು: ಕೌಂಟರಿನ ಮೊತ್ತಕ್ಕೆ ಅಲರ್ಟ್ ಇಡಬೇಡಿ. ರೀಬೂಟ್ ಮಾಡಿದರೂ, ಕೇಬಲ್ ಕಿತ್ತು ಹಾಕಿದರೂ ಅದು ಏರುತ್ತೆ. ಗಂಟೆಗೆ ಎಷ್ಟು ಏರಿತು ಅನ್ನೋದಕ್ಕೆ ಇಡಿ.

ಇಷ್ಟೆಲ್ಲ ಆದಮೇಲೂ ದೊಡ್ಡ ಏಟು ಬಿದ್ದದ್ದು ಫೆನ್ಸಿಂಗ್‌ನಲ್ಲಿ, ಅಂದರೆ ಕೆಟ್ಟ ಸರ್ವರ್ ಡಿಸ್ಕ್ ಮುಟ್ಟದಂತೆ ತಡೆಯೋದರಲ್ಲಿ. ಒಂದು ದಿನ ಆಕ್ಟಿವ್ ಸರ್ವರ್‌ನ ಯುಪಿಎಸ್ ಸತ್ತಿತು. ಎರಡನೆಯದು ಏಳಬೇಕಿತ್ತು, ಏಳಲಿಲ್ಲ. ಪವರ್ರೇ ಇಲ್ಲ ಅಂದಮೇಲೆ ಸತ್ತ ಸರ್ವರ್ ಅನ್ನು ದೂರದಿಂದ ಆಫ್ ಮಾಡೋ ಐಪಿಎಂಐ ಕೂಡ ಉತ್ತರ ಕೊಡಲ್ಲ. ಪಕ್ಕದ್ದು ಸತ್ತಿದೆ ಅಂತ ಖಾತ್ರಿ ಆಗೋವರೆಗೂ ಕ್ಲಸ್ಟರ್ ನಡೆಸೋ ಸಾಫ್ಟ್‌ವೇರ್ ಪೇಸ್‌ಮೇಕರ್ ಪೂಲ್ ಮುಟ್ಟಲ್ಲ. ಅದು ಮಾಡಿದ್ದು ಸರಿಯೇ. ಎರಡೂ ಕಡೆ ಒಂದೇ ಪೂಲ್ ಇಂಪೋರ್ಟ್ ಆದರೆ, ಅಂದರೆ ಒಟ್ಟಿಗೇ ತೆರೆದುಕೊಂಡರೆ, ಡೇಟಾ ಚಿಂದಿ. ಅವತ್ತು ಫೋರ್ಸ್ ಹಾಕಿ ಎಳೀರಿ ಅಂತ ಫೋನಿನಲ್ಲೇ ಸಲಹೆ ಕೊಟ್ಟವರಿದ್ದಾರೆ. ನಾನು ನೆಲದ ಮೇಲೆ ಕೂತು ಸತ್ತ ಸರ್ವರ್‌ನ ಎರಡೂ ಪವರ್ ಕೇಬಲ್ ಕಿತ್ತು ಕೈಯಲ್ಲಿ ಹಿಡ್ಕೊಂಡೆ. ಆಮೇಲೇ ಕ್ಲಸ್ಟರ್‌ಗೆ "ಅದು ಸತ್ತಿದೆ" ಅಂತ ಖಾತ್ರಿ ಕೊಟ್ಟಿದ್ದು. ಈಗ ಐಪಿಎಂಐ ಸೋತರೆ ಎರಡನೇ ಹಂತಕ್ಕೆ ಸ್ಕಸಿ ರಿಸರ್ವೇಶನ್ ಇದೆ. ಪೂಲ್ ಎರಡೂ ಕಡೆ ತೆರೆಯದಂತೆ ಕಾಯೋ ಮಲ್ಟಿಹೋಸ್ಟ್ ಆನ್. ಒಂದೊಂದು ಸರ್ವರ್‌ನ ಎರಡು ಪವರ್ ಸಪ್ಲೈ ಬೇರೆ ಬೇರೆ ಯುಪಿಎಸ್‌ಗೆ.

ನಡುವೆ ಒಂದೆರಡು ಆಟ ಆಡಿದ್ದೂ ಉಂಟು. ಏಪ್ರಿಲ್‌ನಲ್ಲಿ ಡಿಸ್ಕ್ 45 ಡಿಗ್ರಿ ದಾಟಿದಾಗ ಎಸ್‌ಜಿ ಸೆಸ್ ಕಮಾಂಡ್‌ನಿಂದ ಜೆಬಾಡ್ ಫ್ಯಾನ್ ಜೋರು ಮಾಡಿದೆ. ನಾಲ್ಕು ಡಿಗ್ರಿ ಇಳಿಯಿತು. ಆದರೆ ರಿಸೆಪ್ಶನ್‌ನಲ್ಲಿ ಪೇಷಂಟ್ ಹೆಸರು ಕೂಗಿದರೂ ಕೇಳದಷ್ಟು ಸದ್ದು. ವಾಪಸ್ ಇಳಿಸಿ ಎಸಿ ಸರ್ವಿಸ್ ಮಾಡಿಸಿದೆ. ಇನ್ನೊಂದು ಫಲ ಕೊಟ್ಟಿತು. ಕರೆಂಟ್ ಹೋದಾಗ ಇಂಟರ್‌ನೆಟ್ಟೂ ಹೋಗುತ್ತೆ, ಅಲರ್ಟ್ ಮೇಲ್ ಒಳಗೇ ಉಳಿಯುತ್ತೆ. ಎರಡು ಸರ್ವರ್ ಮಧ್ಯೆ ತಕರಾರು ಬಂದರೆ ಮೂರನೇ ಓಟಿಗೆ ಅಂತ ಇಟ್ಟಿದ್ದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಹಳೇ ಡಾಂಗಲ್ ಸಿಕ್ಕಿಸಿ ಮಿಸ್ಡ್ ಕಾಲ್ ಕೊಡೋ ಹಾಗೆ ಮಾಡಿದೆ. ಮೆಸೇಜಿಗೆ ರಾತ್ರಿ ಎಚ್ಚರ ಆಗಲ್ಲ, ರಿಂಗ್‌ಗೆ ಆಗುತ್ತೆ.

ಇನ್ನು ತಿಂಗಳ ಪರೀಕ್ಷೆ. ಬೆಳಗ್ಗೆ 11ಕ್ಕೆ, ಸೆಂಟರ್ ತುಂಬಿರುವಾಗಲೇ, ಆಕ್ಟಿವ್ ಅನ್ನು ಸ್ಟ್ಯಾಂಡ್‌ಬೈ ಮಾಡ್ತೀನಿ. "ರಾತ್ರಿ ಮಾಡ್ರೀ, ಈಗ ಪೇಷಂಟ್ ಇದಾರೆ" ಅಂತ ಡಾಕ್ಟ್ರು ಮೊದಲ ಸಲ ಕೆಂಡವಾಗಿದ್ದರು. "ಸಾರ್, ರಾತ್ರಿ ಲೋಡೇ ಇರಲ್ಲ, ಅದು ಪರೀಕ್ಷೆನಾ? ಸಿಟಿ ಕನ್ಸೋಲ್ ತನ್ನ ಡಿಸ್ಕ್‌ನಲ್ಲಿ ಇಮೇಜ್ ಇಟ್ಕೊಂಡು ಆಮೇಲೆ ಕಳಿಸುತ್ತೆ" ಅಂದೆ. ಶುರುವಿನಲ್ಲಿ ಈ ಫೇಲ್‌ಓವರ್‌ಗೆ ಎರಡು ನಿಮಿಷ ಹಿಡೀತಿತ್ತು. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚೋ ಎನ್‌ಎಫ್‌ಎಸ್ 4ರ ಗ್ರೇಸ್ ಟೈಮ್ (ಕ್ಲೈಂಟ್‌ಗಳು ತಮ್ಮ ಹಳೇ ಲಾಕ್ ವಾಪಸ್ ಪಡೆಯಲಿ ಅಂತ ಸರ್ವರ್ ಕಾಯೋ ಸಮಯ) ಸುಮ್ನೆ ಬಿಟ್ಟರೆ 90 ಸೆಕೆಂಡ್ ಇರುತ್ತೆ. ಅದನ್ನೂ ಲಾಕ್‌ನ ಅವಧಿಯಾದ ಲೀಸ್ ಟೈಮನ್ನೂ ಒಟ್ಟಿಗೆ ಇಳಿಸಿದೆ. ಎರಡೂ ಕಡೆ ಹಂಚಿಕೆಯ ಗುರುತು ಸಂಖ್ಯೆ ಎಫ್‌ಎಸ್‌ಐಡಿ ಒಂದೇ ಮಾಡಿದೆ, ಕ್ಲೈಂಟ್‌ಗೆ ತೆರೆದ ಫೈಲೇ ಸಿಗದೇ ಹೋಗೋ ಸ್ಟೇಲ್ ಹ್ಯಾಂಡಲ್ ಕಾಟ ತಪ್ಪಿತು. ಈಗ 20-25 ಸೆಕೆಂಡ್. ಇಂಪೋರ್ಟ್‌ಗೂ ಐಪಿ ಏರಿಸೋದಕ್ಕೂ ಮಧ್ಯೆ ಒಂದು ಪುಟ್ಟ ಸ್ಕ್ರಿಪ್ಟ್ ಇದೆ, ಕೊನೆಯ ಹತ್ತು ಸೆಕೆಂಡ್ ಉಳಿದದ್ದು ಅದರಿಂದಲೇ. ಅದನ್ನ ಇಲ್ಲಿ ಬಿಚ್ಚಿಡಲ್ಲ. ದಾವಣಗೆರೆಗೆ ಬಂದು ಮಂಡಕ್ಕಿ ಮಿರ್ಚಿ ಕೊಡಿಸಿ, ಹೇಳ್ತೀನಿ.

ಅಪ್‌ಡೇಟ್ ಮಾಡೋರು ಇದೊಂದು ನೆನಪಿಡಿ. ಎರಡೂ ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಆವೃತ್ತಿ ಒಂದೇ ಆಗೋವರೆಗೂ ಪೂಲ್ ಅಪ್‌ಗ್ರೇಡ್ ಮಾಡಬೇಡಿ. ಹೊಸ ಫೀಚರ್ ಬಂದ ಪೂಲನ್ನು ಹಳೇ ಆವೃತ್ತಿ ಇಂಪೋರ್ಟ್ ಮಾಡದೇ ಹೋಗಬಹುದು, ನಿಮ್ಮ ಸ್ಟ್ಯಾಂಡ್‌ಬೈ ಅಲ್ಲಿಗೆ ಬರೀ ಕಬ್ಬಿಣ.

ಉಳಿದಿರೋ ತಲೆನೋವು ಜೆಬಾಡ್‌ನ ಬ್ಯಾಕ್‌ಪ್ಲೇನ್, ಅಂದರೆ ಎಲ್ಲ ಡಿಸ್ಕ್ ಸಿಕ್ಕಿಸೋ ಬೋರ್ಡ್. ಅದು ಒಂದೇ. ಹೋದರೆ ಎರಡೂ ಕಂಟ್ರೋಲರ್ ಮುಖ ಮುಖ ನೋಡ್ಕೊಂಡು ಕೂರಬೇಕು. ಸ್ಪೇರ್‌ಗೆ ಒಂದು ಖಾಲಿ ಜೆಬಾಡ್ ಬೇಕು ಅಂತ ಅಕೌಂಟೆಂಟ್ ಮುಂದೆ 60 ಸಾವಿರದ ಎಸ್ಟಿಮೇಟ್ ಇಟ್ಟಿದ್ದೇನೆ. "ಈಗಾಗಲೇ ಒಂದು ಡಬ್ಬಿ ಸುಮ್ನೆ ಕರೆಂಟ್ ತಿಂತಾ ಕೂತಿದೆ, ಇನ್ನೊಂದಾ?" ಅಂತಾರೆ. ಸಹಿ ಇನ್ನೂ ಬಿದ್ದಿಲ್ಲ.