ಹಿಂದಿನ ವೈಪರ್ ನಿಂತರೆ ಮೊದಲು ಮೋಟಾರ್ ಕೊಳ್ಳಬೇಡಿ

ಹಿಂದಿನ ಗಾಜಿಗೆ ವೈಪರ್ ಯಾಕೆ ಬೇಕು ಅನ್ನೋದು ಮಲೆನಾಡಿನ ಮಳೆಗಾಲದಲ್ಲಿ ಹ್ಯಾಚ್‌ಬ್ಯಾಕ್ ಓಡಿಸಿದವರಿಗೆ ಚೆನ್ನಾಗಿ ಗೊತ್ತು. ಸೆಡಾನ್‌ಗಳಿಗೆ ಸಾಮಾನ್ಯವಾಗಿ ಆ ಗೋಜಿಲ್ಲ. ಗಾಳಿ ಇಳಿಜಾರಿನ ಗಾಜಿನ ಮೇಲೆ ಹರಿದು ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಿಂಭಾಗ ನೆಟ್ಟಗೆ ಇಳಿಯುವ ಗಾಡಿಯಲ್ಲಿ ಹಾಗಲ್ಲ. ಗಾಳಿ ಅಲ್ಲೇ ಸುಳಿ ಸುತ್ತುತ್ತದೆ, ಚಕ್ರ ಎಬ್ಬಿಸಿದ ಕೆಸರು ನೀರನ್ನೆಲ್ಲ ತಂದು ಗಾಜಿಗೇ ಬಳಿಯುತ್ತದೆ. ಸಾಗರ ಬಿಟ್ಟು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಒಳಗಿನ ಕನ್ನಡಿಯಲ್ಲಿ ಬರೀ ಕಂದು ಬಣ್ಣ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಹಿಂದೆ ಬಸ್ಸಿದೆಯೋ ಬೈಕಿದೆಯೋ ಗೊತ್ತಾಗದೆ ಇಳಿಯೋದು ಯಾರಿಗೆ ಬೇಕು ಹೇಳಿ.

ನನ್ನದು 2008ರ ಗಾಡಿ. ವೈಪರ್ ಒಂದೇ ಸಲಕ್ಕೆ ಕೈಕೊಡಲಿಲ್ಲ. ಮೊದಲು ನಿಧಾನವಾಯಿತು. ಆಮೇಲೆ ಅರ್ಧ ದಾರಿಯಲ್ಲಿ ನಿಲ್ಲತೊಡಗಿತು, ಕೈಯಲ್ಲಿ ತಳ್ಳಿದರೆ ಮುಂದೆ ಹೋಗುತ್ತಿತ್ತು. ಕೊನೆಗೆ ಪೂರ್ತಿ ಮಲಗಿತು. ಆದರೆ ಹಿಂದಿನ ಡಿಕ್ಕಿ ಬಾಗಿಲು ಜೋರಾಗಿ ಹಾಕಿದ ಮೇಲೆ ಕೆಲವೊಮ್ಮೆ ಒಂದೆರಡು ಸಲ ಗಾಜು ಒರೆಸಿ ಮತ್ತೆ ಸುಮ್ಮನಾಗುತ್ತಿತ್ತು. ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿದೆ. "ಮೋಟಾರ್ ಹೋಗಿದೆ ಸಾರ್. ಹಳೇ ಮಾಡೆಲ್ ಅಲ್ವಾ, ಆರ್ಡರ್ ಹಾಕಿ ತರಿಸ್ಬೇಕು" ಅಂದರು.

ಇರಬಹುದು. ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದ ಮೋಟಾರ್ ಕೂಡ ಹೀಗೆ ಹೊಡೆತ ಬಿದ್ದರೆ ಎದ್ದು ಕೂರುತ್ತದೆ. ಆದರೆ ಇನ್ನೊಂದು ವಿಷಯ ನನ್ನ ತಲೆಯಲ್ಲಿತ್ತು. ಡಿಕ್ಕಿ ಹಾಕಿದಾಗ ನಂಬರ್ ಪ್ಲೇಟ್ ಲೈಟೂ ಮಿಣುಕುತ್ತಿತ್ತು. ಆ ಲೈಟಿಗೂ ವೈಪರ್ ಮೋಟಾರಿಗೂ ಸಂಬಂಧವಿಲ್ಲ. ಇಬ್ಬರ ಫ್ಯೂಸೂ ಬೇರೆ, ಸ್ವಿಚ್ಚೂ ಬೇರೆ. ಎರಡೂ ಒಟ್ಟಿಗಿರುವುದು ಒಂದೇ ಕಡೆ, ಬಾಡಿಯಿಂದ ಡಿಕ್ಕಿ ಬಾಗಿಲಿಗೆ ದಾಟುವ ವೈರಿನ ಕಟ್ಟಿನಲ್ಲಿ. ಹಾಗಾಗಿ ಹೊಸ ಮೋಟಾರಿನ ಮಾತನ್ನು ಅಲ್ಲಿಗೇ ಬಿಟ್ಟು ಮನೆಗೆ ಬಂದೆ.

ಫ್ಯೂಸ್ ಮೊದಲು ನೋಡಿದೆ. ಸರಿಯಿತ್ತು. ಇದಕ್ಕೆ ಎರಡು ನಿಮಿಷ ಸಾಕು, ಆದರೆ ಕಣ್ಣಲ್ಲಿ ನೋಡಿ ಬಿಡಬೇಡಿ. ಇಗ್ನಿಷನ್ ಆನ್ ಇಟ್ಟು, ಫ್ಯೂಸಿನ ತಲೆ ಮೇಲಿರುವ ಎರಡು ಚುಕ್ಕಿ ಲೋಹಕ್ಕೂ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ ಸಣ್ಣ ದೀಪ) ಮುಟ್ಟಿಸಿ, ಎರಡರಲ್ಲೂ ಉರಿಯಬೇಕು.

ಮುಂದಿನದು ಇನ್ನೂ ಸುಲಭದ ಪರೀಕ್ಷೆ. ಇಗ್ನಿಷನ್ ಆನ್ ಮಾಡಿ, ವೈಪರ್ ಸ್ವಿಚ್ ಹಾಕಿಟ್ಟು, ಡಿಕ್ಕಿ ಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿದೆ. ಅರ್ಧ ತೆರೆದ ಒಂದು ಜಾಗದಲ್ಲಿ ವೈಪರ್ ಸರ್ರನೆ ಹೊರಟಿತು. ಬೆರಳಗಲ ಆಚೆ ಹೋದರೆ ನಿಂತಿತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಡಿಕ್ಕಿ ತೆರೆದಿದ್ದರೆ ಹಿಂದಿನ ವೈಪರ್ ಓಡದ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಅಂಥ ಗಾಡಿಯಾದರೆ ಬಾಗಿಲ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ, ಮುಚ್ಚಿದೆ ಅಂತ ಅದನ್ನು ನಂಬಿಸಬೇಕು. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಆ ಲಾಕನ್ನು ಬಿಡಿಸದೆ ಡಿಕ್ಕಿ ಹಾಕಬಾರದು. ಇನ್ನು ಹಳೇ ಗಾಡಿಯ ಡಿಕ್ಕಿ ಎತ್ತಿ ಹಿಡಿಯುವ ಗ್ಯಾಸ್ ಶಾಕ್‌ಗಳನ್ನು ನಂಬಬೇಡಿ. ನಾನು ಬಾಗಿಲಿಗೆ ಒಂದು ಅಡಿಕೆ ದಬ್ಬೆ ಕೊಟ್ಟು ನಿಲ್ಲಿಸಿಕೊಂಡೇ ತಲೆ ಒಳಗೆ ಹಾಕಿದ್ದು.

ಒಳಗಿನ ಪ್ಲಾಸ್ಟಿಕ್ ಪ್ಯಾನಲ್ ತೆಗೆಯಲು ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಬಿಟ್ಟೆ. ತಣ್ಣಗಿದ್ದರೆ ಹಳೇ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ. ನನ್ನ ಗಾಡಿಯಲ್ಲಿ ಮೋಟಾರಿನ ಕಪ್ಲರಿಗೆ, ಅಂದರೆ ವೈರ್ ಸಿಕ್ಕಿಸುವ ಪ್ಲಗ್ಗಿಗೆ, ನಾಲ್ಕು ವೈರ್. ಒಂದರಲ್ಲಿ ಇಗ್ನಿಷನ್ ಆನ್ ಇರುವಷ್ಟು ಹೊತ್ತೂ 12 ವೋಲ್ಟ್ ಇರುತ್ತದೆ. ಇನ್ನೊಂದು ಸ್ವಿಚ್ಚಿನಿಂದ ಬರುವ ಓಡಿಸುವ ವೈರ್. ಮೂರನೆಯದು ಪಾರ್ಕಿಂಗಿನದು. ನಾಲ್ಕನೆಯದು ಅರ್ತ್, ಕರೆಂಟ್ ಗಾಡಿಯ ಬಾಡಿಗೆ ವಾಪಸ್ ಹೋಗುವ ದಾರಿ. ನಾವು ಸ್ವಿಚ್ ಆಫ್ ಮಾಡಿದ ಮೇಲೂ ವೈಪರ್ ತನ್ನ ಜಾಗಕ್ಕೆ ಹೋಗಿ ಮಲಗುತ್ತದಲ್ಲ, ಅದು ಈ ಪಾರ್ಕಿಂಗ್ ವೈರಿನ ಕೆಲಸ. ಮೋಟಾರಿನೊಳಗೆ ಗೇರ್ ಜೊತೆ ತಿರುಗುವ ಹಿತ್ತಾಳೆ ತಗಡೊಂದು ವೈಪರ್ ಮನೆ ಸೇರುವ ತನಕ ಕರೆಂಟ್ ಕೊಡುತ್ತಾ ಇರುತ್ತದೆ. ಸೇರಿದ ಕೂಡಲೇ ಆ ವೈರನ್ನು ಅರ್ತ್‌ಗೆ ಜೋಡಿಸುತ್ತದೆ, ಮೋಟಾರ್ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ. ಹಾಗಾಗಿ ನಿಮ್ಮ ವೈಪರ್ ಆನ್ ಇದ್ದಾಗ ಚೆನ್ನಾಗಿ ಓಡಿ, ಆಫ್ ಮಾಡಿದ ಜಾಗದಲ್ಲೇ ನಿಂತುಬಿಟ್ಟರೆ ಹುಡುಕಬೇಕಾದ್ದು ಈ ಭಾಗದಲ್ಲಿ. ನನ್ನ ತೊಂದರೆ ಅದಲ್ಲ.

ಇಲ್ಲಿ ಮೀಟರ್ ಹಿಡಿಯುವವರಿಗೆ ಒಂದು ಮಾತು. ಕಪ್ಲರ್ ಬಿಚ್ಚಿ ಮೀಟರ್ ಇಟ್ಟರೆ ನನ್ನ ಗಾಡಿಯಲ್ಲಿ ಕೂಡ 12 ವೋಲ್ಟ್ ಚೊಕ್ಕವಾಗಿ ತೋರಿಸುತ್ತಿತ್ತು. "ಕರೆಂಟ್ ಬರ್ತಾ ಇದೆ, ಹಾಗಾದ್ರೆ ಮೋಟಾರೇ ಹಾಳು" ಅನ್ನುವ ತೀರ್ಮಾನ ಹುಟ್ಟೋದೇ ಇಲ್ಲಿ. ಮೀಟರ್ ತನಗೆ ಅಂತ ಎಳೆದುಕೊಳ್ಳುವ ಕರೆಂಟ್ ಏನೇನೂ ಅಲ್ಲ. ವೈರಿನಲ್ಲಿ ತಾಮ್ರದ ಒಂದೇ ಒಂದು ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಮೋಟಾರ್ ಆ ಎಳೆಯಲ್ಲಿ ಓಡೋದಿಲ್ಲ. ಅದಕ್ಕೇ ನಾನು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಂಡಿದ್ದೇನೆ. ಅದು ಸುಮಾರು ಪೌಣೇ ಎರಡು ಆಂಪಿಯರ್ ಎಳೆಯುತ್ತದೆ. ಓಡಿಸುವ ವೈರಿಗೂ ಬಾಡಿಯ ಒಳ್ಳೆ ಅರ್ತ್‌ಗೂ ಬಲ್ಬ್ ಕೊಟ್ಟೆ, ಬೆಳ್ಳಗೆ ಉರಿಯಿತು. ಅದೇ ವೈರಿಗೂ ಕಪ್ಲರಿನ ಅರ್ತ್‌ಗೂ ಕೊಟ್ಟೆ, ಕೆಂಪಗೆ ಮಂಕಾಯಿತು. ಅಲ್ಲಿಗೆ ಕಳ್ಳ ಅರ್ತ್ ಅಂತ ಆಯಿತು. ಕಪ್ಲರ್ ಮತ್ತೆ ಹಾಕಿ, ಸ್ವಿಚ್ ಆನ್ ಇಟ್ಟು, ಮೋಟಾರಿನ ಅರ್ತ್‌ಗೂ ಬಾಡಿಗೂ ನಡುವೆ ಮೀಟರ್ ಇಟ್ಟೆ. ಅರ್ಧ ವೋಲ್ಟಿನ ಒಳಗೆ ಇರಬೇಕಾದ್ದು ಎರಡಕ್ಕೂ ಜಾಸ್ತಿ ಇತ್ತು. ಮೀಟರ್ ಕೆಲಸಕ್ಕೆ ಬರೋದು ಹೀಗೆ, ಲೋಡ್ ಇರುವಾಗ, ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಿರುವಾಗ.

ಡಿಕ್ಕಿಯ ಕೀಲಿನ ಹತ್ತಿರ ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇರುತ್ತದೆ. ಅದರ ಎರಡೂ ತುದಿ ಬಿಡಿಸಿ ಹಿಂದಕ್ಕೆ ಜಾರಿಸಿದೆ. ಡಿಕ್ಕಿ ತೆರೆದು ಹಾಕಿದಾಗೆಲ್ಲ ಒಳಗಿನ ವೈರ್ ಅದೇ ಜಾಗದಲ್ಲಿ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ತಾಮ್ರ ಗಡುಸಾಗಿ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ನೋಡಲು ಸರಿಯಾಗಿಯೇ ಇರುತ್ತದೆ, ಅದೇ ಮೋಸ. ಹಾಗಾಗಿ ಕಣ್ಣಲ್ಲಿ ಹುಡುಕದೆ ಒಂದೊಂದೇ ವೈರನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಸರಿಯಿರುವ ವೈರ್ ಬಿಗಿಯಾಗಿರುತ್ತದೆ, ಒಳಗೆ ತುಂಡಾದದ್ದು ಜಗ್ಗುತ್ತದೆ. ನನ್ನ ಕಪ್ಪು ಅರ್ತ್ ವೈರ್ ಸ್ವಲ್ಪ ಎಳೆಯುತ್ತಲೇ ಉದ್ದವಾಯಿತು. ಸಿಪ್ಪೆ ಸೀಳಿ ನೋಡಿದರೆ ಮೂರ್ನಾಲ್ಕು ಎಳೆ ಬಿಟ್ಟು ಉಳಿದದ್ದೆಲ್ಲ ಹಸಿರುಗಟ್ಟಿ ಮುರಿದಿತ್ತು. ನಂಬರ್ ಪ್ಲೇಟ್ ಲೈಟಿನ ಅರ್ತ್ ಕೂಡ ಇದೇ ವೈರ್. ಪಕ್ಕದ ಇನ್ನೆರಡರ ಸಿಪ್ಪೆಯೂ ಬಿರುಕು ಬಿಟ್ಟಿತ್ತು.

ಇಲ್ಲಿ ತುಂಡಾದ ಜಾಗದಲ್ಲೇ ಬೆಸೆದು ಟೇಪ್ ಸುತ್ತುವವರೇ ಜಾಸ್ತಿ. ಅದು ಒಂದು ಮಳೆಗಾಲ ದಾಟಿದರೆ ಪುಣ್ಯ. ಬೆಸುಗೆ ಕರಗಿ ವೈರಿನ ಎಳೆಗಳ ಒಳಗೆ ಸ್ವಲ್ಪ ದೂರ ಹರಿದು ಅಷ್ಟು ಭಾಗವನ್ನು ಕಡ್ಡಿ ಮಾಡುತ್ತದೆ. ಆ ಕಡ್ಡಿ ಮುಗಿಯುವಲ್ಲಿ ಮತ್ತೆ ಮುರಿಯುತ್ತದೆ. ಬಾಗುವ ಜಾಗದಲ್ಲಿ ಜೋಡಣೆಯೇ ಇರಬಾರದು. ನಾನು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆ. ಮೂರೂ ವೈರನ್ನು ರಬ್ಬರ್ ಕೊಳವೆಯ ಆಚೆ ಈಚೆ ಗೇಣುದ್ದ ಬಿಟ್ಟು ಕತ್ತರಿಸಿದೆ. ನಡುವೆ ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆ ವೈರ್ ಹಾಕಿದೆ. ಮೊದಲಿದ್ದದ್ದಕ್ಕಿಂತ ಸಣ್ಣದು ಹಾಕಬಾರದು. ಅರ್ತ್‌ಗೆ ಒಂದು ಅಳತೆ ದಪ್ಪದ್ದೇ ಕೊಟ್ಟೆ. ಜೋಡಣೆಗಳು ಒಂದರ ಪಕ್ಕ ಒಂದು ಬಾರದ ಹಾಗೆ ಹಿಂದೆ ಮುಂದೆ ಮಾಡಿ, ಪ್ರತಿಯೊಂದಕ್ಕೂ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಡಿಕ್ಕಿ ಪೂರ್ತಿ ತೆರೆದರೂ ಎಳೆಯದಷ್ಟು ಸಡಿಲ ಬಿಟ್ಟೆ. ಕೊಳವೆಯೊಳಗೆ ಹೊಸ ವೈರ್ ತೂರಿಸೋದೇ ನಿಜವಾದ ಕಷ್ಟ. ಸೈಕಲ್ ಬ್ರೇಕ್ ಕೇಬಲ್ ಒಂದನ್ನು ಮೊದಲು ದಾಟಿಸಿ, ಅದರ ತುದಿಗೆ ವೈರ್ ಕಟ್ಟಿ, ಸ್ವಲ್ಪ ಸೋಪು ನೀರು ಹಚ್ಚಿ ಎಳೆದೆ.

ನಂಬರ್ ಪ್ಲೇಟ್ ಲೈಟ್ ಜಗ್ಗನೆ ಹತ್ತಿತು. ವೈಪರ್ ಓಡಿತು, ಆದರೆ ಇನ್ನೂ ಏದುಸಿರು ಬಿಡುತ್ತಲೇ ಇತ್ತು. ಅರ್ತ್ ಒಂದೇ ಅಲ್ಲ, ವೈಪರನ್ನು ತಿರುಗಿಸುವ ಮೋಟಾರಿನ ಶಾಫ್ಟೂ ಹಿಡಿದಿತ್ತು.

ವೈಪರಿನ ತೋಳು ಬಿಚ್ಚುವ ಮುಂಚೆ ಬ್ಲೇಡ್ ಮಲಗಿರುವ ಜಾಗಕ್ಕೆ ಗಾಜಿನ ಮೇಲೆ ಪೇಪರ್ ಟೇಪ್ ಅಂಟಿಸಿದೆ. ನಟ್ಟು ಸಲೀಸಾಗಿ ಬಂತು, ತೋಳು ಬರಲಿಲ್ಲ. ಹಲ್ಲು ಹಲ್ಲಿನ ಶಾಫ್ಟಿಗೆ ಅದು ಕಚ್ಚಿ ಕೂತಿರುತ್ತದೆ. ಇಲ್ಲಿ ಸುತ್ತಿಗೆ ಮುಟ್ಟಲೇಬಾರದು. ಮುಂದಿನ ಗಾಜು ಎರಡು ಪದರದ್ದು, ಪೆಟ್ಟು ಬಿದ್ದರೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಹಿಂದಿನದು ಸಾಮಾನ್ಯವಾಗಿ ಟೆಂಪರ್ಡ್ ಗಾಜು, ತಪ್ಪು ಜಾಗಕ್ಕೆ ಒಂದು ಏಟು ಸಾಕು, ಇಡೀ ಗಾಜು ಕಾಳು ಕಾಳಾಗಿ ಸುರಿಯುತ್ತದೆ. ನನ್ನ ಗಾಡಿಯಲ್ಲಿ ಶಾಫ್ಟ್ ಗಾಜಿನ ತೂತಿನಲ್ಲೇ ಹೊರಗೆ ಬಂದಿರೋದರಿಂದ ಇನ್ನೂ ಭಯ. ಬ್ಯಾಟರಿ ಟರ್ಮಿನಲ್ ಕೀಳುವ ಸಣ್ಣ ಪುಲ್ಲರ್ ಇದಕ್ಕೆ ಸರಿಯಾಗಿ ಕೂರುತ್ತದೆ.

ಮೋಟಾರ್ ಹೊರಗೆ ತೆಗೆದು ನೋಡಿದರೆ ಸ್ಟೀಲ್ ಶಾಫ್ಟ್, ಅದರ ಸುತ್ತ ಅಲ್ಯೂಮಿನಿಯಂ ಮೈ, ನಡುವೆ ಬಿಳಿ ಪುಡಿ. ಮೇಲಿನ ರಬ್ಬರ್ ರಿಂಗ್ ಸೀಳಿ ನೀರು ಇಳಿದಿದೆ, ಅಲ್ಯೂಮಿನಿಯಂ ತಿಂದು ಉಬ್ಬಿ ಶಾಫ್ಟನ್ನು ಅಮುಕಿ ಹಿಡಿದಿದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಇಟ್ಟೆ. ಮರುದಿನ ಆ ಕಡೆ ಈ ಕಡೆ ತಿರುಗಿಸುತ್ತಾ ಹೊರಗೆ ಎಳೆದೆ. ಮುಚ್ಚಳಕ್ಕೆ ಸ್ಕ್ರೂ ಇದ್ದದ್ದು ಅದೃಷ್ಟ, ರಿವೆಟ್ ಹೊಡೆದ ಮೋಟಾರುಗಳೂ ಇರುತ್ತವೆ. ಒಳಗೆ ಕಂಪನಿಯ ಗ್ರೀಸ್ ಹಳೇ ಜೋನಿ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಕೆರೆದು ತೆಗೆದೆ. ಶಾಫ್ಟಿಗೆ ನಯವಾದ ಎಮರಿ ಪೇಪರ್ ಹಿಡಿದೆ, ಹಿತ್ತಾಳೆ ತಗಡನ್ನು ಬಟ್ಟೆಯಲ್ಲಿ ಒರೆಸಿದೆ ಅಷ್ಟೇ. ನೈಲಾನ್ ಗೇರಿನ ಹಲ್ಲು ಪೂರ್ತಿ ಇತ್ತು. ಹೊಸ ಗ್ರೀಸ್, ಹೊಸ ರಿಂಗ್. ಬೆಂಗಳೂರಿನ ಜೆ.ಸಿ. ರಸ್ತೆಯ ತನಕ ಹೋಗುವ ಅಗತ್ಯವಿಲ್ಲ, ಅಳತೆ ಕೊಟ್ಟರೆ ಪಂಪ್‌ಸೆಟ್ ಅಂಗಡಿಯಲ್ಲೇ ಇಂಥ ರಿಂಗ್ ಸಿಗುತ್ತದೆ. ಗ್ರೀಸಿನ ಬದಲು ಬರೀ ಸ್ಪ್ರೇ ಹೊಡೆದು ಮುಚ್ಚಬೇಡಿ, ಅದು ಇರುವ ಗ್ರೀಸನ್ನೂ ತೊಳೆದುಬಿಡುತ್ತದೆ.

ಜೋಡಿಸುವಾಗ ತೋಳು ಹಾಕುವ ಮುಂಚೆ ಮೋಟಾರನ್ನು ಒಮ್ಮೆ ಓಡಿಸಿ ಆಫ್ ಮಾಡಿ. ಅದು ತನ್ನ ಪಾರ್ಕಿಂಗ್ ಜಾಗದಲ್ಲಿ ನಿಂತ ಮೇಲೆ ಬ್ಲೇಡನ್ನು ಟೇಪಿನ ಗುರುತಿಗೆ ಹೊಂದಿಸಿ ನಟ್ಟು ಬಿಗಿ ಮಾಡಿ. ಮೊದಲ ಓಟಕ್ಕೆ ಗಾಜು ಒದ್ದೆ ಇರಲಿ. ನನ್ನ ಗಾಡಿಯಲ್ಲಿ ವಾಷರ್ ನೀರಿನ ಪೈಪೂ ಅದೇ ರಬ್ಬರ್ ಕೊಳವೆಯಲ್ಲಿ ಬರುತ್ತದೆ. ಅದು ಕೀಲಿನ ಹತ್ತಿರ ಒಡೆದರೆ ನೀರೆಲ್ಲ ವೈರಿನ ಮೇಲೇ ಸುರಿಯುತ್ತದೆ. ನನ್ನದು ಸದ್ಯ ಮೆತ್ತಗೇ ಇದೆ. ಆದರೂ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪೈಪ್ ಒಂದು ಮೀಟರ್ ತಂದಿಟ್ಟಿದ್ದೇನೆ, ಮುಂದಿನ ಸಲ ಪ್ಯಾನಲ್ ಬಿಚ್ಚಿದಾಗ ಹಾಕಬೇಕು.