ವೈಮಾರ್ ಜರ್ಮನಿಯ ಚುನಾವಣಾ ಅಂಕಿಗಳನ್ನು ಓದುವುದು ಹೇಗೆ?

ಮೊದಲ ಮಹಾಯುದ್ಧದ ನಂತರ ಹಿಟ್ಲರ್ ಬರುವ ತನಕ ಇದ್ದ ಗಣರಾಜ್ಯವೇ ವೈಮಾರ್ ಜರ್ಮನಿ. ಒಂದು ಹಾಳೆಯಲ್ಲಿ ಅಲ್ಲಿನ ಸಂಸತ್ ಚುನಾವಣೆಗಳ ಐದು ತಾರೀಖು ಬರೆದುಕೊಳ್ಳಿ: 20 ಮೇ 1928, 14 ಸೆಪ್ಟೆಂಬರ್ 1930, 31 ಜುಲೈ 1932, 6 ನವೆಂಬರ್ 1932, 5 ಮಾರ್ಚ್ 1933. ಎದುರಿಗೆ ನಾಜಿ ಪಕ್ಷದ ಶೇಕಡಾವಾರು ಮತ: 2.6, 18.3, 37.3, 33.1, 43.9. ಕೊನೆಯ ಅಂಕಿಯ ಸುತ್ತ ಈಗಲೇ ಕೆಂಪು ಗೆರೆ ಎಳೆದುಬಿಡಿ. ಆ ಹೊತ್ತಿಗೆ ಹಿಟ್ಲರ್ ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದ, ಸಂಸತ್ ಭವನ ಸುಟ್ಟ ಮರುದಿನವೇ ನಾಗರಿಕ ಹಕ್ಕುಗಳು ರದ್ದಾಗಿದ್ದವು, ಕಮ್ಯುನಿಸ್ಟ್ ನಾಯಕರು ಸೆರೆಯಲ್ಲಿದ್ದರು. ಅದನ್ನು ಉಳಿದ ನಾಲ್ಕರ ಜೊತೆ ಒಂದೇ ಗ್ರಾಫಿನಲ್ಲಿ ಜೋಡಿಸಿದರೆ ಗೆರೆ ನೇರವಾಗಿ ಮೇಲೇರಿದಂತೆ ಕಾಣುತ್ತದೆ. ನಿಜಕ್ಕೂ ಮುಕ್ತವಾಗಿದ್ದ ಕೊನೆಯ ಚುನಾವಣೆಯಲ್ಲಿ, ಅಂದರೆ 1932ರ ನವೆಂಬರಿನಲ್ಲಿ, ಅದು ಕೆಳಗಿಳಿದಿತ್ತು.

ಇನ್ನು ಸೀಟುಗಳ ಲೆಕ್ಕ. ಲೋಕಸಭೆಯ 543ಕ್ಕೆ ಒಗ್ಗಿಹೋದ ನಮಗೆ ಇಲ್ಲಿ ಎಡವುವುದು ಸುಲಭ. ಜರ್ಮನಿಯ ಸಂಸತ್ತಾದ ರೈಖ್‌ಸ್ಟಾಗ್‌ಗೆ ನಿಗದಿತ ಸಂಖ್ಯೆಯೇ ಇರಲಿಲ್ಲ. 60,000 ಮತಕ್ಕೆ ಒಂದು ಸೀಟು, ಅಷ್ಟೇ. ಹೆಚ್ಚು ಜನ ಮತ ಹಾಕಿದರೆ ಸದನವೇ ಹಿಗ್ಗುತ್ತಿತ್ತು: 1928ರಲ್ಲಿ 491, 1932ರ ಜುಲೈಯಲ್ಲಿ 608. ಆ ಜುಲೈಯಲ್ಲಿ ನಾಜಿಗಳಿಗೆ ಬಿದ್ದದ್ದು ಸುಮಾರು 1 ಕೋಟಿ 37 ಲಕ್ಷ 45 ಸಾವಿರ ಮತ. 60,000ದಿಂದ ಭಾಗಿಸಿ: 229 ಚಿಲ್ಲರೆ. ಸಿಕ್ಕಿದ್ದು 230. ಹಾಗಾಗಿ ಸೀಟು ಹೋಲಿಸುವಾಗ ಪ್ರತಿ ಸಲವೂ ಆ ವರ್ಷದ ಒಟ್ಟು ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ.

ಮುಂದೆ ಪಕ್ಷಗಳನ್ನು ಬಿಡಿಬಿಡಿಯಾಗಿ ನೋಡಬೇಡಿ, ಗುಂಪು ಮಾಡಿ. ಸೋಶಿಯಲ್ ಡೆಮಾಕ್ರಾಟರು ಮತ್ತು ಕಮ್ಯುನಿಸ್ಟರು ಸೇರಿ 1928ರಲ್ಲಿ ಸುಮಾರು ಶೇ. 40, 1932ರ ನವೆಂಬರಿನಲ್ಲಿ 37. ಕ್ಯಾಥೊಲಿಕರ ಸೆಂಟರ್ ಪಕ್ಷ ಮತ್ತು ಅದರ ಬವೇರಿಯಾದ ಜೊತೆಗಾರರು ಹೆಚ್ಚುಕಡಿಮೆ 15ರ ಆಸುಪಾಸಿನಲ್ಲೇ. ಕುಸಿದದ್ದು ನಡುವಿನ ಉದಾರವಾದಿ ಪಕ್ಷಗಳು: ಎರಡೂ ಸೇರಿ 13ರಿಂದ 1932ರ ಜುಲೈ ಹೊತ್ತಿಗೆ 2ರ ಸಮೀಪಕ್ಕೆ. ನಾಜಿಗಳ ಫಸಲು ಎಲ್ಲಿಂದ ಬಂತು ಎಂಬುದಕ್ಕೆ ಇದೇ ಮೊದಲ ಸುಳಿವು. ಜೊತೆಗೆ ಹೊಸ ಮತದಾರರನ್ನೂ ಲೆಕ್ಕಕ್ಕೆ ಹಿಡಿಯಿರಿ, ಮತದಾನ 1928ರ ಶೇ. 75.6ರಿಂದ 1932ರ ಜುಲೈಯಲ್ಲಿ 84.1ಕ್ಕೆ ಏರಿತ್ತು.

ನಕ್ಷೆ ಬಿಡಿಸುವಾಗ ಧರ್ಮದ ಪದರವನ್ನು ಮರೆಯಬೇಡಿ. 1932ರ ಜುಲೈಯಲ್ಲಿ ಪ್ರಾಟೆಸ್ಟಂಟ್ ಹಳ್ಳಿಗಳ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ನಾಜಿಗಳಿಗೆ ಶೇ. 51, ಕ್ಯಾಥೊಲಿಕರೇ ಹೆಚ್ಚಿದ್ದ ಕಲೋನ್-ಆಖೆನ್‌ನಲ್ಲಿ ಸುಮಾರು 20. ಬರೀ ನಿರುದ್ಯೋಗದ ನಕ್ಷೆ ಇಟ್ಟುಕೊಂಡರೆ ಈ ಅಂತರ ಅರ್ಥವಾಗದು. ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಬಹಳಷ್ಟು ಜನ ಕಮ್ಯುನಿಸ್ಟರತ್ತ ವಾಲಿದ್ದರು. 1923ರ ಹಣದುಬ್ಬರವೇ ನೇರ ಕಾರಣ ಎನ್ನುವವರಿಗೆ 1928ರ 2.6 ತೋರಿಸಿದರೆ ಸಾಕು.

ಈಗ ಅತಿ ಮುಖ್ಯವಾದ ಕೂಡಿಸುವ ಲೆಕ್ಕ. ಜುಲೈ 1932: ನಾಜಿ 230, ಕಮ್ಯುನಿಸ್ಟ್ 89, ಒಟ್ಟು 319. ಬಹುಮತಕ್ಕೆ 305 ಸಾಕಿತ್ತು. ನವೆಂಬರ್: 196 ಮತ್ತು 100, 584ರಲ್ಲಿ 296. ಜೊತೆಯಾಗಿ ಸರ್ಕಾರ ಕಟ್ಟುವ ಮಾತೇ ಇರದ ಎರಡು ಪಕ್ಷಗಳು, ಯಾವ ಸರ್ಕಾರವನ್ನೂ ಉರುಳಿಸಬಲ್ಲಷ್ಟು ಸೀಟು ಹಿಡಿದು ಕೂತಿದ್ದವು. ಪರ್ಯಾಯ ನಾಯಕನನ್ನು ಸೂಚಿಸದೆಯೇ ಅವಿಶ್ವಾಸ ಮಂಡಿಸಲು ಸಂವಿಧಾನ ಬಿಟ್ಟಿತ್ತು. 12 ಸೆಪ್ಟೆಂಬರ್ 1932ರಂದು ಆಗಿನ ಚಾನ್ಸೆಲರ್ ಪಾಪೆನ್ ವಿರುದ್ಧ ಬಿದ್ದ ಮತ 512, ಪರವಾಗಿ 42!

ಹಾಗಾದರೆ ದೇಶ ನಡೆಯುತ್ತಿದ್ದದ್ದು ಹೇಗೆ? ಹಾಳೆಯ ಅಂಚಿನಲ್ಲಿ ಇನ್ನೊಂದು ಸಾಲು ಬೇಕು: ಸಂವಿಧಾನದ 48ನೇ ವಿಧಿ, ಅಂದರೆ ಅಧ್ಯಕ್ಷರ ತುರ್ತು ಸುಗ್ರೀವಾಜ್ಞೆ. 1931ರಲ್ಲಿ ಸಂಸತ್ತು ಮಾಡಿದ ಕಾನೂನು 34, ಸುಗ್ರೀವಾಜ್ಞೆ 44. ಮರುವರ್ಷ ಕಾನೂನು ಐದಕ್ಕೆ ಇಳಿಯಿತು. ಚಾನ್ಸೆಲರ್ ನೇಮಕವೂ ಅಧ್ಯಕ್ಷ ಹಿಂಡೆನ್‌ಬರ್ಗ್ ಕೈಯಲ್ಲಿತ್ತು. 30 ಜನವರಿ 1933ರಂದು ಅವರು ಹಿಟ್ಲರನನ್ನು ನೇಮಿಸಿದಾಗ ಅವನ ಪಕ್ಷದ ಬಳಿ ಇದ್ದದ್ದು 584ರಲ್ಲಿ ಅದೇ 196 ಸೀಟು.