ದೊಡ್ಡ ಜಾತಿಯ ಮೊಲಕ್ಕೆ ಮನೆ ಕಟ್ಟುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಗೂಡಿನ ಮೇಲೆ ‘ದೊಡ್ಡ ಮೊಲಕ್ಕೆ’ ಎಂದು ಬರೆದಿದ್ದರೂ ಸಾಮಾನ್ಯವಾಗಿ ಅದರ ಲೆಕ್ಕ ಎರಡು, ಎರಡೂವರೆ ಕಿಲೋ ತೂಗುವ ಸಾಧಾರಣ ಮೊಲದ್ದು. ಫ್ಲೆಮಿಷ್ ಜೈಂಟ್ ಜಾತಿಯ ಮೊಲ ಬೆಳೆದು ನಿಂತಾಗ ಆರು ಕಿಲೋ ದಾಟುತ್ತದೆ. ಎಂಟು, ಒಂಬತ್ತು ಕಿಲೋ ತೂಗುವವೂ ಇವೆ. 2010ರಲ್ಲಿ ಅಳತೆ ಮಾಡಿದಾಗ ಡೇರಿಯಸ್ ಎಂಬ ಮೊಲದ ಉದ್ದ 129 ಸೆಂಟಿಮೀಟರ್ ಬಂದು, ಅದು ಗಿನ್ನೆಸ್ ದಾಖಲೆಗೆ ಸೇರಿತು. ನಿಮ್ಮ ಮೊಲ ಅಷ್ಟುದ್ದ ಬೆಳೆಯದೇ ಇರಬಹುದು. ಆದರೂ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪಂಜರದಲ್ಲಿ ಅದು ಒಂದೇ ದಿಕ್ಕಿಗೆ ಮಲಗಬಹುದೇ ಹೊರತು ತಿರುಗಿ ಮಲಗಲಾಗದು. ಆದ್ದರಿಂದ ಗೂಡನ್ನು ಮಲಗುವ ಕೋಣೆ ಎಂದಷ್ಟೇ ತಿಳಿಯಿರಿ. ಅದಕ್ಕೆ ಅಂಟಿಕೊಂಡು, ಹಗಲೂ ರಾತ್ರಿಯೂ ಬಾಗಿಲು ತೆರೆದೇ ಇರುವ ಓಡಾಟದ ಅಂಗಳವೊಂದು ಬೇಕು. ಇವೆರಡೂ ಸೇರಿದರೆ ಮಾತ್ರ ಮನೆ.

ಮೊದಲು ಮೊಲವನ್ನು ಅಳೆಯಿರಿ

ಕಣ್ಣಳತೆ ನಂಬಬೇಡಿ. ಕುಳಿತ ಮೊಲ ಮುದುಡಿಕೊಂಡು ತನ್ನ ನಿಜವಾದ ಗಾತ್ರಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮಧ್ಯಾಹ್ನದ ಹೊತ್ತು ಅದು ಹಿಂಗಾಲು ಚಾಚಿ ಒಂದು ಮಗ್ಗುಲಿಗೆ ಬಿದ್ದುಕೊಂಡಾಗ ಪಕ್ಕದಲ್ಲಿ ಸದ್ದಿಲ್ಲದೆ ಟೇಪು ಹಾಸಿ, ಮೂಗಿನಿಂದ ಹಿಂಗಾಲಿನ ಬೆರಳ ತುದಿಯವರೆಗೆ ಅಳತೆ ತೆಗೆದುಕೊಳ್ಳಿ. ಆಮೇಲೆ ಗೋಡೆಯ ಬಳಿ ಸೊಪ್ಪಿನ ಎಸಳೊಂದನ್ನು ಎತ್ತಿ ಹಿಡಿಯಿರಿ. ಅದು ಹಿಂಗಾಲ ಮೇಲೆ ನೆಟ್ಟಗೆ ನಿಂತಾಗ ಕಿವಿಯ ತುದಿ ಮುಟ್ಟಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಮೂರನೆಯ ಅಳತೆ ನೆಗೆತದ್ದು: ಅವಸರವಿಲ್ಲದೆ ಕುಪ್ಪಳಿಸುವಾಗ ಒಂದರ ಹಿಂದೊಂದು ಮೂರು ನೆಗೆತಕ್ಕೆ ಎಷ್ಟು ದೂರ ಸಾಗುತ್ತದೆ ಎಂದು ನೋಡಿ.

ಇನ್ನೂ ಮರಿಯಾಗಿದ್ದರೆ ಅದರ ಅಳತೆಗೆ ಕಟ್ಟಬೇಡಿ. ಸಣ್ಣ ಜಾತಿಯ ಮೊಲಗಳ ಬೆಳವಣಿಗೆ ಬೇಗ ಮುಗಿದರೆ, ದೈತ್ಯ ಜಾತಿಯವು ವರ್ಷ ತುಂಬಿದ ಮೇಲೂ, ಕೆಲವು ಒಂದೂವರೆ ವರ್ಷದವರೆಗೂ ಬೆಳೆಯುತ್ತಲೇ ಇರುತ್ತವೆ. ಸಾಧ್ಯವಾದರೆ ಅದರ ತಾಯಿ ತಂದೆಯನ್ನು ನೋಡಿ ಬನ್ನಿ. ಅದಕ್ಕಿಂತ ಒಳ್ಳೆಯ ಅಂದಾಜು ಬೇರೆ ಸಿಗದು.

ಜಾಗ ಎಷ್ಟು?

ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಎರಡು ಸಾಧಾರಣ ಮೊಲಗಳ ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಒಂದೇ ಆವರಣವನ್ನು ಸೂಚಿಸುತ್ತದೆ. ಗೂಡು ಬೇರೆ, ದಿನಕ್ಕೊಮ್ಮೆ ಬಿಡುವ ಅಂಗಳ ಬೇರೆ ಎಂದು ತುಂಡು ಮಾಡಿ ಲೆಕ್ಕ ಹಾಕುವಂತಿಲ್ಲ. ಮೊಲ ಹೆಚ್ಚು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ಮನೆಯವರು ಮಲಗಿರುತ್ತಾರೆ ಅಥವಾ ಅಡುಗೆಮನೆಯಲ್ಲಿ ಇರುತ್ತಾರೆ. ‘ಬೆಳಿಗ್ಗೆ ಒಂದು ಗಂಟೆ ಹೊರಗೆ ಬಿಡುತ್ತೇವೆ’ ಎಂಬ ಏರ್ಪಾಡು ಅದರ ದಿನಚರಿಗೆ ಹೊಂದುವುದೇ ಇಲ್ಲ.

ದೊಡ್ಡ ಮೊಲಕ್ಕೆ ಈ ಅಳತೆಯನ್ನು ಕೆಳಗಿನ ಮಿತಿ ಎಂದು ಇಟ್ಟುಕೊಂಡು ಅಲ್ಲಿಂದ ಹಿಗ್ಗಿಸಿ. ನನ್ನ ಸಲಹೆ ಕೇಳುವುದಾದರೆ ಉದ್ದ ನಾಲ್ಕು ಮೀಟರ್ ಇರಲಿ. ಚೌಕಕ್ಕಿಂತ ಉದ್ದನೆಯ ಜಾಗ ಮೇಲು, ಏಕೆಂದರೆ ಓಡುವುದಕ್ಕೆ ಬೇಕಾದದ್ದು ಉದ್ದವೇ. ಎತ್ತರ ನೀವು ಒಳಗೆ ನಿಲ್ಲುವಷ್ಟು ಇದ್ದರೆ ಅತ್ಯುತ್ತಮ. ಬಗ್ಗಿ ತೆವಳಿ ಗುಡಿಸಬೇಕಾದ ಗೂಡು ಬಹುಬೇಗ ಕೊಳಕಾಗುತ್ತದೆ. ಅಲ್ಲದೆ, ಮೇಲಿನಿಂದ ಕೈ ಇಳಿದು ಬಂದರೆ ಮೊಲ ಬೆದರುತ್ತದೆ. ಬಾಗಿಲಿಂದ ಒಳಗೆ ಬಂದು ನೆಲದ ಮೇಲೆ ಕುಳಿತವರ ಬಳಿಗೆ ತಾನಾಗಿಯೇ ಬರುತ್ತದೆ. ಮನೆಯೊಳಗೆ ಸಾಕುವವರು ಒಂದು ಖಾಲಿ ಕೋಣೆಯನ್ನೇ ಬಿಟ್ಟುಕೊಟ್ಟರೆ ಕಟ್ಟುವ ಕೆಲಸ ಅರ್ಧಕ್ಕರ್ಧ ಕಡಿಮೆಯಾದಂತೆ.

ನೆಲ: ಇಲ್ಲಿ ಜಿಪುಣತನ ಬೇಡ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ನಾಯಿ, ಬೆಕ್ಕುಗಳ ಪಾದದಡಿ ಇರುವಂತಹ ದಪ್ಪ ಮೆತ್ತೆ ಮೊಲಕ್ಕಿಲ್ಲ. ಚರ್ಮ ಮತ್ತು ನೆಲದ ನಡುವೆ ಇರುವುದು ಒತ್ತಾದ ರೋಮ ಮಾತ್ರ. ಆರೇಳು ಕಿಲೋ ಭಾರ ಹಿಮ್ಮಡಿಯ ಮೇಲೆ ಗಂಟೆಗಟ್ಟಲೆ ಕೂತರೆ, ಕೆಳಗಿರುವುದು ತಂತಿ ಜಾಲರಿಯಾದರೆ, ಆ ರೋಮ ಸವೆಯುತ್ತದೆ. ವಾರಕ್ಕೊಮ್ಮೆ ಹಿಂಗಾಲಿನ ಅಡಿಭಾಗವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊದಲು ಹಿಮ್ಮಡಿಯ ನಡುವೆ ರೋಮ ಇಬ್ಭಾಗವಾಗಿ ಕಾಸಿನಷ್ಟಗಲ ಗುಲಾಬಿ ಬಣ್ಣದ ಚರ್ಮ ಕಾಣುತ್ತದೆ. ಅದು ಕೆಂಪಾಗಿ ಊದಿಕೊಂಡರೆ ಎರಡನೆಯ ಹಂತ. ಆಮೇಲೆ ಸಿಪ್ಪೆಗಟ್ಟಿ ಹುಣ್ಣಾಗುತ್ತದೆ. ಸೋಂಕು ಒಳಗಿಳಿದರೆ ಮೂಳೆಯವರೆಗೂ ಹೋಗಬಲ್ಲದು. ಭಾರಿ ಜಾತಿಗಳಿಗೆ ಈ ಕಾಯಿಲೆಯ ಭಯ ಬೇರೆಯವಕ್ಕಿಂತ ಹೆಚ್ಚು. ಕೆಂಪಾದ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು, ನೆಲವನ್ನೂ ಅಂದೇ ಬದಲಿಸಬೇಕು.

ಆದ್ದರಿಂದ ತಂತಿಯ ನೆಲ ಬೇಡವೇ ಬೇಡ. ಗಟ್ಟಿ ಹಲಗೆಯೋ ಕಲ್ಲುಚಪ್ಪಡಿಯೋ ಸಿಮೆಂಟೋ ಇದ್ದು, ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಒಣಹುಲ್ಲಿನ ಹಾಸು ಬರಬೇಕು. ಬರಿಯ ಸಿಮೆಂಟ್ ನೆಲ ರೋಮವನ್ನು ತಿಕ್ಕಿ ತೆಗೆಯುತ್ತದೆ, ಹಾಗಾಗಿ ಹಾಸಿಲ್ಲದೆ ಬಿಡಬೇಡಿ. ಮನೆಯೊಳಗಿನ ನುಣುಪಾದ ಟೈಲ್ಸ್ ತರುವ ತೊಂದರೆ ಬೇರೆ ಬಗೆಯದು: ಕಾಲು ಜಾರಿ ಆಚೀಚೆ ಹೋಗುತ್ತವೆ, ಭಾರದ ಮೊಲ ಓಡುವುದನ್ನೇ ಬಿಟ್ಟು ಮೂಲೆ ಹಿಡಿಯುತ್ತದೆ. ಅಡಿಯಲ್ಲಿ ಜಾರದಂತೆ ಹಿಡಿತವಿರುವ ಚಾಪೆ, ಒಗೆಯಬಹುದಾದ ಹತ್ತಿಯ ಜಮಖಾನ ಹಾಸಿದರೆ ಸಾಕು. ಮೊಲ ಅದನ್ನು ಕಡಿದು ನುಂಗುತ್ತದೆಯೇ ಎಂದು ಮೊದಲ ಕೆಲವು ದಿನ ಗಮನಿಸಿ. ನುಂಗುವ ಚಾಳಿ ಇದ್ದರೆ ತೆಗೆದುಹಾಕಿ ಹುಲ್ಲಿನ ಚಾಪೆ ತನ್ನಿ. ಅದನ್ನು ತಿಂದರೂ ಅಪಾಯವಿಲ್ಲ.

ಒದ್ದೆಯನ್ನೂ ಮರೆಯಬಾರದು. ಪಾದದ ಹುಣ್ಣಿಗೆ ಗಡಸು ನೆಲದಷ್ಟೇ ಮೂತ್ರದಲ್ಲಿ ನೆನೆದ ಹಾಸೂ ಕಾರಣ. ಹಲಗೆಯ ನೆಲವನ್ನು ಒಂದು ಬದಿಗೆ ತುಸು ಇಳಿಜಾರಾಗಿ ಕೂರಿಸಿ, ಭೂಮಿಯಿಂದ ಒಂದು ಗೇಣು ಮೇಲಕ್ಕೆ ಎತ್ತಿಡಿ.

ಮಲಗುವ ಪೆಟ್ಟಿಗೆ

ಒಂದು ದೊಡ್ಡ ಮೊಲಕ್ಕೆ ಸುಮಾರು 120 ಸೆಂಟಿಮೀಟರ್ ಉದ್ದ, 75 ಅಗಲ, 60 ಎತ್ತರದ ಪೆಟ್ಟಿಗೆ ಸಾಲುತ್ತದೆ. ನೀವು ತೆಗೆದ ಮೊದಲ ಅಳತೆ ಇದರೊಳಗೆ ಆರಾಮವಾಗಿ ಕೂರದಿದ್ದರೆ ಹಿಗ್ಗಿಸಿ. ಬಾಗಿಲು ಎರಡಿರಲಿ, ಒಂದೊಂದೂ 30 ಸೆಂಟಿಮೀಟರಿಗೆ ಕಡಿಮೆ ಇಲ್ಲದಂತೆ. ಬೆದರಿದ ಮೊಲಕ್ಕೆ ಓಡಿ ಹೋಗಲು ಇನ್ನೊಂದು ದಾರಿ ಬೇಕು. ಒಂದೇ ಬಾಗಿಲಿದ್ದರೆ ಅಡಗುತಾಣವೇ ಬಲೆಯಾಗುತ್ತದೆ.

ಮಹಡಿ ಗೂಡುಗಳು ನೋಡಲು ಚೆಂದ, ಆದರೆ ಭಾರಿ ಮೊಲಕ್ಕೆ ಸಲ್ಲ. ಮೊಲದ ಅಸ್ಥಿಪಂಜರದ ತೂಕ ದೇಹದ ತೂಕದ ಶೇ 7–8ರಷ್ಟು ಮಾತ್ರ. ಅಷ್ಟು ಹಗುರ ಮೂಳೆಗಳ ಮೇಲೆ ಬಲವಾದ ಸ್ನಾಯುಗಳು ಕೂತಿವೆ. ಎತ್ತರದಿಂದ ಜಿಗಿದು ತಪ್ಪಾಗಿ ಬಿದ್ದರೆ ಬೆನ್ನುಮೂಳೆ ಮುರಿಯಬಹುದು. ಮೇಲೆ ಹತ್ತಿ ಕುಳಿತು ಸುತ್ತ ನೋಡುವ ಆಸೆ ಅದಕ್ಕಿದೆ ನಿಜ. ಮೊಳಕಾಲೆತ್ತರ ಮೀರದ ಅಗಲವಾದ ಜಗಲಿಯೊಂದನ್ನು ಮಾಡಿ, ನುಣುಪಲ್ಲದ ಇಳಿಜಾರು ಹಲಗೆ ಇಟ್ಟುಕೊಡಿ. ಮೊಲದ ಭಾರಕ್ಕೆ ಹಲಗೆ ಬಾಗಬಾರದು. ಕೆಳಗೆ ಅಡ್ಡಪಟ್ಟಿ ಕೊಟ್ಟು ಮೊದಲು ನಿಮ್ಮ ಕೈ ಊರಿ ಪರೀಕ್ಷಿಸಿ.

ಮರ ಬಣ್ಣವಿಲ್ಲದ, ರಾಸಾಯನಿಕ ಹಚ್ಚದ ಮರವೇ ಆಗಬೇಕು. ಮೊಲ ಅದನ್ನು ಕಡಿಯದೆ ಬಿಡುವುದಿಲ್ಲ. ಹೊರಗೆ ಚಾಚಿದ ಅಂಚುಗಳನ್ನು ಒಳಬದಿಗೆ ಸಿಗದಂತೆ ಜೋಡಿಸಿ. ಮೊಳೆಗಿಂತ ಸ್ಕ್ರೂ ವಾಸಿ.

ಬಲೆ, ಚಿಲಕ, ಅಗೆತ

ಕೋಳಿಗೂಡಿಗೆ ಬಳಸುವ ಆರು ಮೂಲೆಯ ತೆಳು ಬಲೆ ಮೊಲವನ್ನು ಒಳಗಿಡಬಹುದೇನೋ, ನಾಯಿಯನ್ನು ಹೊರಗಿಡಲಾರದು. ಬೆಸುಗೆ ಹಾಕಿದ ದಪ್ಪ ತಂತಿಯ ವೆಲ್ಡೆಡ್ ಮೆಶ್ ತನ್ನಿ; ಒಂದು ಅಂಗುಲಕ್ಕೆ ಅರ್ಧ ಅಂಗುಲದ ಕಣ್ಣಿದ್ದರೆ ಇಲಿಗಳಿಗೂ ಕಷ್ಟ. ಬಲೆಯನ್ನು ಚೌಕಟ್ಟಿನ ಒಳಬದಿಗೆ ಬಡಿದರೆ ಮರವೂ ಉಳಿಯುತ್ತದೆ.

ಮಣ್ಣಿನ ನೆಲದ ಅಂಗಳವಾದರೆ ಬೇಲಿಯ ಬುಡವೇ ದುರ್ಬಲ ಜಾಗ. ಬಲೆಯನ್ನು ನೇರವಾಗಿ ಒಂದೂವರೆ ಅಡಿ ಹೂಳಬಹುದು, ಇಲ್ಲವೇ ನೆಲದ ಮೇಲೆ ಹೊರಮುಖವಾಗಿ ಅಷ್ಟೇ ಅಗಲ ಹಾಸಿ ಮಣ್ಣು, ಕಲ್ಲು ಹೇರಬಹುದು. ಒಳಗಿನಿಂದ ಬಿಲ ತೋಡುವ ಮೊಲವನ್ನು ತಡೆಯಲು ಒಳಮುಖವಾಗಿಯೂ ಒಂದು ಪಟ್ಟಿ ಬೇಕು. ಅಗೆಯುವ ಆಸೆಯನ್ನು ಮಾತ್ರ ಕಟ್ಟಿಹಾಕಬೇಡಿ: ದೊಡ್ಡ ತೊಟ್ಟಿಯೊಂದಕ್ಕೆ ಔಷಧಿ ಸಿಂಪಡಿಸದ ಮಣ್ಣು ತುಂಬಿ ಮೂಲೆಯಲ್ಲಿಟ್ಟರೆ ಅದರ ಕೆಲಸ ಅಲ್ಲಿಗೇ ತಿರುಗುತ್ತದೆ. ಬಾಗಿಲಿಗೆ ಮೇಲೊಂದು, ಕೆಳಗೊಂದು ಅಗುಳಿ. ತಿರುಗಿಸುವ ಮರದ ಬಿರಡೆ ಸಾಲದು.

ಬಿಸಿಲು ಮತ್ತು ಗಾಳಿ

ಮೊಲ ಚಳಿಯನ್ನು ತಡೆದಷ್ಟು ಸುಲಭವಾಗಿ ಸೆಕೆಯನ್ನು ತಡೆಯದು. ಮೈಯಿಂದ ಬೆವರಿ ತಂಪಾಗುವ ಶಕ್ತಿ ಅದಕ್ಕಿಲ್ಲ. ಬಹುಪಾಲು ಶಾಖ ಹೊರಹೋಗುವುದು ಕಿವಿಗಳ ಮೂಲಕ. ದೇಹ ದೊಡ್ಡದಾದಷ್ಟೂ ತಣಿಯುವುದು ನಿಧಾನ. ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಎಚ್ಚರ ವಹಿಸಬೇಕು. ಪಶ್ಚಿಮದ ಬಿಸಿಲು ಬೀಳದ ಜಾಗ ಆರಿಸಿ. ಲೋಹದ ತಗಡು ಹೊದಿಸಿದರೆ ಅದರಡಿ ಹಲಗೆಯೋ ದಪ್ಪನೆಯ ಹುಲ್ಲಿನ ಪದರವೋ ಇರಲಿ, ಚಾವಣಿಗೂ ಗೋಡೆಗೂ ನಡುವೆ ಗಾಳಿ ಹಾಯುವ ಸಂದು ಬಿಡಿ. ಸೆಕೆಯ ದಿನಗಳಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ತಡಮಾಡಬೇಡಿ: ನೆರಳಿಗೆ ತಂದು, ಕಿವಿಗಳನ್ನು ತಣ್ಣೀರಿನಿಂದ ಒದ್ದೆ ಮಾಡುತ್ತಾ ವೈದ್ಯರ ಬಳಿಗೆ ಒಯ್ಯಿರಿ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸುವುದು ಅಪಾಯ.

ಗಾಳಿ ಸರಿಯಿದೆಯೇ ಎಂದು ತಿಳಿಯಲು ಬಗ್ಗಿ, ಮೊಲದ ಮೂಗಿನ ಮಟ್ಟಕ್ಕೆ ನಿಮ್ಮ ಮೂಗು ತಂದು ಉಸಿರೆಳೆದುಕೊಳ್ಳಿ. ಘಾಟು ಬಡಿದರೆ ಅದು ಮೂತ್ರದಿಂದೇಳುವ ಅಮೋನಿಯ. ನಿಂತವರಿಗೆ ತಿಳಿಯದ ಆ ವಾಸನೆಯಲ್ಲೇ ಮೊಲ ದಿನವಿಡೀ ಉಸಿರಾಡುತ್ತಿರುತ್ತದೆ. ಸೊಳ್ಳೆಯಿಂದ ಹರಡುವ ಮಿಕ್ಸೊಮಟೋಸಿಸ್ ರೋಗವಿರುವ ಪ್ರದೇಶವಾದರೆ ತಂತಿಬಲೆಯ ಮೇಲೆ ಸೊಳ್ಳೆಬಲೆಯನ್ನೂ ಕಟ್ಟಿ.

ಶೌಚದ ತಟ್ಟೆ, ಹುಲ್ಲು, ನೀರು

ಬೆಕ್ಕಿನ ತಟ್ಟೆ ಇದಕ್ಕೆ ಸಾಲದು. ಸಿಮೆಂಟ್ ಕಲಸಲು ಬಳಸುವ ಅಗಲವಾದ ಹೊಸ ಪ್ಲಾಸ್ಟಿಕ್ ಟ್ರೇ ತಂದು, ಮುಂಬದಿಯನ್ನು ಕತ್ತರಿಸಿ ತಗ್ಗಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ. ಹಿಂಬದಿ ಎತ್ತರವಾಗಿಯೇ ಇರಲಿ. ಬಾಲ ಎತ್ತಿ ಮೂತ್ರ ಮಾಡಿದಾಗ ಅದು ಹಿಂದಕ್ಕೆ ಚಿಮ್ಮುತ್ತದೆ. ತಟ್ಟೆಗೆ ಕಾಗದದ ಉಂಡೆಗಳನ್ನು ಹರಡಿ ಮೇಲೆ ಒಣಹುಲ್ಲು ಹಾಕಿ. ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮರಳು ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ. ದೇವದಾರು, ಪೈನ್ ಮರದ ಘಮಘಮಿಸುವ ಹೊಟ್ಟೂ ಬೇಡ.

ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಆದ್ದರಿಂದ ಹುಲ್ಲಿನ ಕೊಟ್ಟಿಯನ್ನು ತಟ್ಟೆಯ ತಲೆಯ ಮೇಲೆಯೇ ತೂಗುಹಾಕಿದರೆ ಬೇರೆ ಅಭ್ಯಾಸ ಮಾಡಿಸಬೇಕಾದ ಅಗತ್ಯವೇ ಬಹುಮಟ್ಟಿಗೆ ಇರುವುದಿಲ್ಲ. ನೀರಿಗೆ ಭಾರವಾದ ಪಿಂಗಾಣಿ ಬಟ್ಟಲು ಮೇಲು. ಹನಿಹನಿಯಾಗಿ ಬರುವ ಬಾಟಲಿಯಿಂದ ಇಷ್ಟು ದೊಡ್ಡ ಪ್ರಾಣಿಯ ದಾಹ ತೀರುವುದು ತಡ.

ಮನೆಯೊಳಗಿನ ಕೋಣೆಯಾದರೆ ವಿದ್ಯುತ್ ತಂತಿಗಳನ್ನು ಗಟ್ಟಿ ಕೊಳವೆಯೊಳಗೆ ತೂರಿಸಿ, ಅಥವಾ ಅದು ಹಿಂಗಾಲ ಮೇಲೆ ನಿಂತರೂ ಎಟುಕದಷ್ಟು ಮೇಲಕ್ಕೆ ಕಟ್ಟಿ. ಗೋಡೆಯ ಮೇಲೆ ನೀವು ಹಾಕಿದ ಸೀಮೆಸುಣ್ಣದ ಗುರುತು ಇದಕ್ಕೂ ಬಳಕೆಗೆ ಬರುತ್ತದೆ.

ಜೊತೆಗಾರ ಬರುವುದಿದ್ದರೆ

ಮೊಲ ಒಂಟಿಯಾಗಿ ಬಾಳುವ ಜೀವವಲ್ಲ, ಎರಡಿದ್ದರೆ ಒಳ್ಳೆಯದು. ಆದರೆ ಹೊಸ ಮೊಲವನ್ನು ನೇರವಾಗಿ ಹಳೆಯದರ ಮನೆಗೆ ಬಿಟ್ಟರೆ ಗಾಯವಾಗುವಂತೆ ಕಚ್ಚಾಡುತ್ತವೆ. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಬೇಕು. ಗಂಡು ಚಿಕಿತ್ಸೆಯ ನಂತರವೂ ಕೆಲವು ವಾರ ಮರಿ ಹುಟ್ಟಿಸಬಲ್ಲದು, ಹೆಣ್ಣಿನ ಬಳಿ ಬಿಡುವ ದಿನವನ್ನು ವೈದ್ಯರನ್ನು ಕೇಳಿ ನಿಗದಿ ಮಾಡಿ. ಅಲ್ಲಿಯವರೆಗೆ ಅಂಗಳದ ನಡುವೆ ಎರಡು ಬಲೆಗಳನ್ನು ಒಂದು ಗೇಣು ಅಂತರದಲ್ಲಿ ನಿಲ್ಲಿಸಿ. ಒಂದೇ ಬಲೆಯಾದರೆ ಕಣ್ಣಿನೊಳಗಿಂದಲೇ ಮೂಗು ಕಚ್ಚುತ್ತವೆ. ಹಾಸಿನ ಹುಲ್ಲನ್ನು ಅದಲುಬದಲು ಮಾಡುತ್ತಾ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಲಿ. ಎರಡೂ ಬಲೆಯ ಎರಡು ಬದಿಯಲ್ಲಿ ಮೈ ಚಾಚಿ ಮಲಗತೊಡಗಿದ ಮೇಲೆ, ಇಬ್ಬರಿಗೂ ಪರಿಚಯವಿಲ್ಲದ ಬೇರೊಂದು ಜಾಗದಲ್ಲಿ ನಿಮ್ಮ ಕಣ್ಣೆದುರೇ ಮೊದಲ ಭೇಟಿ ಮಾಡಿಸಿ. ಅಲ್ಲಿ ಜಗಳವಿಲ್ಲದೆ ಒಂದರ ಮೈಯನ್ನು ಇನ್ನೊಂದು ನೆಕ್ಕುವಷ್ಟು ಹೊಂದಿಕೊಂಡರೆ, ಅಂಗಳವನ್ನೆಲ್ಲ ಗುಡಿಸಿ ತೊಳೆದು, ಹಾಸು ಬದಲಿಸಿ, ನಡುವಿನ ಬಲೆಗಳನ್ನು ತೆಗೆಯಿರಿ.